ಸಾಕೆಟ್ ಎಂದರೆ ಗೋಡೆಯದಲ್ಲ, ಅತ್ತೆ

ಹೆಂಡತಿಗೆ ಬುದ್ಧಿವಂತನಾದ ತಮ್ಮನೊಬ್ಬನಿದ್ದರೆ ಗಂಡನಾದವನ ಬಾಳು ಎಂಥದೆಂದು ತಿಳಿಯಬೇಕಾದರೆ ಅಲ್ಪವಿರಾಮಯ್ಯನವರನ್ನು ಕೇಳಬೇಕು. ಅದು ಅವರ ನಿಜವಾದ ಹೆಸರಲ್ಲ. ಅವರು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವರು. ಒಂದು ಅಲ್ಪವಿರಾಮ ಆಚೀಚೆಯಾದರೂ ಇಡೀ ಪುಟವನ್ನು ವಾಪಸು ಕಳಿಸುವ ಅವರ ಕಟ್ಟುನಿಟ್ಟಿಗೆ ಬೇಸತ್ತ ಸಹೋದ್ಯೋಗಿಗಳು ಇಟ್ಟ ಹೆಸರು ಅದು. ಅಚ್ಚುಕೂಟದಲ್ಲಿ ಅವರ ಕೆಂಪು ಪೆನ್ನಿಗೆ ದೊಡ್ಡ ದೊಡ್ಡ ಲೇಖಕರೇ ಹೆದರುತ್ತಿದ್ದರು. ಮನೆಯಲ್ಲಿ ಅದೇ ಪೆನ್ನಿನಿಂದ ಅವರ ಅತ್ತೆಯವರು ಬೆನ್ನು ಕೆರೆದುಕೊಳ್ಳುತ್ತಿದ್ದರು.

ಮನೆಯಲ್ಲಿ ಏನು ಕೆಟ್ಟರೂ ಹೆಂಡತಿಯ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ‘ತಮ್ಮನ್ನ ಕೇಳೋಣ’ ಎಂಬುದು. ಟೀವಿ ನಿಂತರೆ ತಮ್ಮ, ನಲ್ಲಿ ಸೋರಿದರೆ ತಮ್ಮ. ಒಮ್ಮೆ ಅಲ್ಪವಿರಾಮಯ್ಯನವರ ಸೊಂಟ ಹಿಡಿದುಕೊಂಡು ಅವರು ನೆಲದ ಮೇಲೆ ನಾಲ್ಕು ಕಾಲಿನ ಪ್ರಾಣಿಯಂತೆ ನಿಂತಿದ್ದಾಗಲೂ ಆಕೆ ತಮ್ಮನಿಗೆ ಫೋನ್ ಮಾಡಿದ್ದಳು. (ಅವನು ವೈದ್ಯನಲ್ಲ. ಟೆಲಿಫೋನ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು.) ಅವನು ಬರುವುದು, ಎರಡು ಗುಂಡಿ ಒತ್ತುವುದು, ಕೆಟ್ಟದ್ದು ಸರಿಯಾಗುವುದು ಎಲ್ಲವನ್ನೂ ಅಲ್ಪವಿರಾಮಯ್ಯನವರು ಸಹಿಸಿಕೊಂಡಾರು. ಆದರೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ “ಏನಿಲ್ಲ ಭಾವ, ಚಿಕ್ಕದು” ಎನ್ನುತ್ತಿದ್ದನಲ್ಲ, ಆ ‘ಚಿಕ್ಕದು’ ಮಾತ್ರ ಅವರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಡುತ್ತಿತ್ತು. ಹೆಂಡತಿಯ ತಮ್ಮನಿಗೆ ಚಿಕ್ಕದೆನಿಸಿದ್ದು ತಮಗೆ ದೊಡ್ಡದಾಗಿತ್ತಲ್ಲ ಎಂದು ರಾತ್ರಿಯೆಲ್ಲ ಹೊರಳಾಡುತ್ತಿದ್ದರು.

ಹೆಂಡತಿಯದು ಕಸೂತಿಯ ಉದ್ಯಮ. ಕೈಕಸೂತಿಯಿಂದ ಆರಂಭವಾಗಿ ಈಗ ದೊಡ್ಡ ಯಂತ್ರಕ್ಕೆ ಬಂದು ನಿಂತಿತ್ತು. ಯಂತ್ರ ಬಂದ ದಿನ ಮುಂದಿನ ಕೋಣೆಯಿಂದ ಸೋಫಾ ಹೊರಗೆ ಹೋಯಿತು. ಸೋಫಾದ ಜೊತೆಗೆ ಅಲ್ಪವಿರಾಮಯ್ಯನವರ ಮಧ್ಯಾಹ್ನದ ನಿದ್ದೆಯೂ ಹೋಯಿತು. ಒಳಕೋಣೆಯ ಕಂಪ್ಯೂಟರಿನಲ್ಲಿ ಆಕೆ ಅಕ್ಷರಗಳನ್ನೂ ಹೂಬಳ್ಳಿಗಳನ್ನೂ ಜೋಡಿಸಿ ‘ಕಳುಹಿಸು’ ಎಂದು ಒತ್ತಿದರೆ ಸಾಕು, ಅದು ಮನೆಯೊಳಗಿನ ನೆಟ್‌ವರ್ಕ್ ಮೂಲಕ ಮುಂದಿನ ಕೋಣೆಗೆ ಹೋಗಿ, ಯಂತ್ರದ ಸೂಜಿಗಳು ಟಕಟಕನೆ ಬಟ್ಟೆಯ ಮೇಲೆ ಇಳಿಯುತ್ತಿದ್ದವು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಚುಚ್ಚುವ ಇನ್ನೊಂದು ದಾರಿಯೂ ಇತ್ತು. ಆದರೆ ಯಂತ್ರದ ಆ ಕಿಂಡಿ ಹೋದ ವರ್ಷವೇ ಮುರಿದುಹೋಗಿತ್ತು. (ಯಾರು ಮುರಿದರೆಂಬ ವಿಷಯ ಬೇಡ. ಮನೆಯಲ್ಲಿ ಇರುವುದೇ ಮೂರು ಜನ; ಅದರಲ್ಲಿ ಇಬ್ಬರು ಪೆನ್‌ಡ್ರೈವನ್ನು ತಲೆಕೆಳಗಾಗಿ ತೂರಿಸುವಷ್ಟು ಆತುರದವರಲ್ಲ.)

ಈ ಸಲ ಬಂದಿದ್ದು ಆಕೆಯ ಜೀವನದ ಅತಿ ದೊಡ್ಡ ಕೆಲಸ. ಊರಿನ ಆಸ್ಪತ್ರೆಗೆ ಹೊಸದೊಂದು ವಿಭಾಗ ಸೇರಿಕೊಳ್ಳುವುದಿತ್ತು. ಅಲ್ಲಿನ ನರ್ಸುಗಳ ಬಿಳಿ ಕೋಟುಗಳ ಮೇಲೆ, ಜೇಬಿಗೆ ಸರಿಯಾಗಿ, ಅವರವರ ಹೆಸರನ್ನು ನೀಲಿ ದಾರದಲ್ಲಿ ಕಸೂತಿ ಮಾಡಿಕೊಡಬೇಕು. ಮೊದಲು ಈ ಕೆಲಸ ದೊಡ್ಡ ಕಾರ್ಖಾನೆಯೊಂದಕ್ಕೆ ಹೋಗಿತ್ತಂತೆ. ಅವರು ಅರ್ಧಕ್ಕರ್ಧ ಹೆಸರುಗಳನ್ನು ತಪ್ಪುತಪ್ಪಾಗಿ ಹೊಲಿದು ಕಳಿಸಿದ್ದರಿಂದ ನರ್ಸುಗಳ ಮೇಲ್ವಿಚಾರಕಿ ಮೇಟ್ರನ್ ಅಮ್ಮ ಎಲ್ಲವನ್ನೂ ಹಿಂದಕ್ಕೆ ಎಸೆದು, ಹೊಸ ಕೋಟುಗಳನ್ನು ಕಾರಿನಲ್ಲಿ ಹೇರಿಕೊಂಡು ಒಂದು ಬೆಳಿಗ್ಗೆ ತಾವೇ ಮನೆಗೆ ಬಂದಿದ್ದರು. ಆ ಮೇಟ್ರನ್ ಅಮ್ಮ ನಕ್ಕಿದ್ದನ್ನು ಕಂಡವರು ಊರಿನಲ್ಲಿ ಇರಲಿಲ್ಲ. ನಾಳೆ ಬೆಳಿಗ್ಗೆ ವಿಭಾಗದ ಉದ್ಘಾಟನೆ, ಇವತ್ತೇ ಸಂಜೆಗೆ ಬಂದು ಕೋಟುಗಳನ್ನು ತೆಗೆದುಕೊಂಡು ಹೋಗುತ್ತೇನೆ, ಚೆನ್ನಾಗಿ ಆದರೆ ಇಡೀ ಆಸ್ಪತ್ರೆಯ ಬಟ್ಟೆಯ ಕೆಲಸ ನಿಮ್ಮದೇ, ಆಗದಿದ್ದರೆ ಇಲ್ಲ ಎಂದಷ್ಟೇ ಹೇಳಿ ಹೊರಟುಹೋಗಿದ್ದರು.

ಅಲ್ಪವಿರಾಮಯ್ಯನವರಿಗೆ ಅಂದು ರಜೆ. ಪತ್ರಿಕೆಯ ಒಂದು ತಪ್ಪನ್ನೂ ಬಿಡದೆ ಹುಡುಕುತ್ತಾ ಹಾಯಾಗಿ ಕುಳಿತಿದ್ದಾಗ ಒಳಕೋಣೆಯಿಂದ “ರೀ” ಎಂಬ ಕೂಗು ಬಂತು. ಮದುವೆಯಾಗಿ ಇಷ್ಟು ವರ್ಷದಲ್ಲಿ ‘ರೀ’ಯ ನಾನಾ ಬಗೆಗಳನ್ನು ಅವರು ಬಲ್ಲರು. ಇದು ಕೋಪದ್ದಲ್ಲ, ಕೈಕಾಲು ತಣ್ಣಗಾದಾಗಿನ ‘ರೀ’. ಹೋಗಿ ನೋಡಿದರೆ ಕಂಪ್ಯೂಟರಿನ ಪರದೆಯ ನಟ್ಟನಡುವೆ ಕೆಂಪು ಅಂಚಿನ ಚೌಕ: ‘ಸಾಕೆಟ್ ಎರರ್. ಸಂಪರ್ಕ ನಿರಾಕರಿಸಲಾಗಿದೆ.’

ಅಲ್ಪವಿರಾಮಯ್ಯನವರು ಕನ್ನಡಕ ಏರಿಸಿ ಅದನ್ನು ಓದಿದರು. ಇದು ಕೆಟ್ಟ ವಾಕ್ಯ ಎಂದು ಮೊದಲು ತೀರ್ಪು ಕೊಟ್ಟರು. ನಿರಾಕರಿಸಲಾಗಿದೆ ಎಂದರೆ ಸಾಲದು, ನಿರಾಕರಿಸಿದವರು ಯಾರು, ಕರ್ತೃವೆಲ್ಲಿ ಎಂದು ವಿವರಿಸತೊಡಗಿದರು. ಹೆಂಡತಿ ವ್ಯಾಕರಣದ ಕಡೆ ಗಮನ ಕೊಡದೆ ಫೋನಿಗೆ ಕೈಹಾಕಿ, ತಮ್ಮನ್ನ ಕೇಳಿಬಿಡೋಣ ಎಂದಳು.

ಅಲ್ಪವಿರಾಮಯ್ಯನವರು ಆ ಫೋನಿನ ಮೇಲೆ ತಮ್ಮ ಅಂಗೈಯಿಟ್ಟರು.

“ಒಂದೇ ಒಂದು ಸಲ ನನಗೆ ಬಿಟ್ಟು ನೋಡು” ಎಂದರು. ಅವರ ದನಿಯಲ್ಲಿ ಏನೋ ಇತ್ತು. ಆಕೆ ಗೋಡೆ ಗಡಿಯಾರ ನೋಡಿದಳು, ಗಂಡನ ಮುಖ ನೋಡಿದಳು. ಊಟದ ಹೊತ್ತಿನವರೆಗೆ ಸಮಯ ಕೊಡುತ್ತೇನೆ, ಆಮೇಲೆ ತಮ್ಮನೇ ಎಂದು ಶರತ್ತು ಹಾಕಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಅಷ್ಟು ಹೊತ್ತಿಗೆ ಅತ್ತೆಯವರು ಬಾಗಿಲಲ್ಲಿ ಬಂದು ನಿಂತಿದ್ದರು. ಸಾಕೆಟ್ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು.

“ಗೋಡೆ ಸಾಕೆಟ್ಟು ಸಡಿಲವಾಗಿದೆ ಅಂತ ಎಷ್ಟು ದಿನದಿಂದ ಹೇಳ್ತಾನೇ ಇದೀನಿ. ಕೇಳೋರಿಲ್ಲ.”

“ಇದು ಆ ಸಾಕೆಟ್ ಅಲ್ಲ ಅತ್ತೆ. ಸಾಕೆಟ್ ಅಂದ್ರೆ ಗೋಡೇದಲ್ಲ. ಇದು ಕಣ್ಣಿಗೆ ಕಾಣಲ್ಲ.”

“ಕಣ್ಣಿಗೇ ಕಾಣದ್ದು ಕೆಟ್ಟಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೊಳೆಯದ ಕಾರಣ ಅಲ್ಪವಿರಾಮಯ್ಯನವರು ಯಾವುದೋ ವಿಡಿಯೋದಲ್ಲಿ ಕೇಳಿದ್ದನ್ನು ಹಿಡಿದು ಉಪನ್ಯಾಸಕ್ಕೆ ನಿಂತರು. ನೆಟ್‌ವರ್ಕ್ ಎಂದರೆ ಒಂದು ಬೀದಿ. ಬೀದಿಯಲ್ಲಿ ಪ್ರತಿಯೊಂದು ಯಂತ್ರಕ್ಕೂ ಮನೆ ನಂಬರಿನಂತೆ ಒಂದು ನಂಬರು. ಪರದೆಯ ಮೇಲೆ ಬರೆದಿರುವಂತೆ ಕಸೂತಿ ಯಂತ್ರದ್ದು ಐವತ್ತು. ಪ್ರತಿ ಮನೆಗೂ ಹಲವು ಬಾಗಿಲು. ಕಂಪ್ಯೂಟರು ಹೋಗಿ ಸರಿಯಾದ ಮನೆಯ ಸರಿಯಾದ ಬಾಗಿಲು ತಟ್ಟಬೇಕು; ಒಳಗಿನವರು ತೆರೆಯಬೇಕು; ಹಾಗೆ ಇಬ್ಬರ ನಡುವೆ ಮಾತುಕತೆಗೆ ಕೂಡಿಕೊಳ್ಳುವ ಜಾಗವೇ ಸಾಕೆಟ್. ಈಗ ಬಾಗಿಲು ತಟ್ಟಿದರೆ ಒಳಗಿನಿಂದ ‘ನಡಿ ಆಚೆಗೆ’ ಎನ್ನುತ್ತಿದ್ದಾರೆ. ಅಷ್ಟೇ ವಿಷಯ. ಅತ್ತೆಯವರು ಎಲ್ಲವನ್ನೂ ಗಮನವಿಟ್ಟು ಕೇಳಿ, ಸಾಕೆಟ್ಟು ಸಡಿಲವಾದರೆ ಬೆಂಕಿ ಹತ್ತುತ್ತದೆ, ಕೋಟುಗಳು ಸುಟ್ಟುಹೋದರೆ ಹೊಣೆ ಯಾರು ಎಂದು ಕೇಳಿ ಅಡುಗೆಮನೆಗೆ ಹೋದರು.

ಮೊದಲು ಅಲ್ಪವಿರಾಮಯ್ಯನವರು ಎಲ್ಲರೂ ಮಾಡುವುದನ್ನೇ ಮಾಡಿದರು. ಕಂಪ್ಯೂಟರನ್ನು ಆರಿಸಿ ಹಚ್ಚಿದರು. ಯಂತ್ರವನ್ನು ಆರಿಸಿ ಹಚ್ಚಿದರು. ಗೋಡೆಯ ಮೇಲೆ ಕೊಂಬೆರಡನ್ನು ನಿಗುರಿಸಿಕೊಂಡು ಕುಳಿತ ವೈಫೈ ಡಬ್ಬಿಯನ್ನು ಆರಿಸಿ ಹಚ್ಚಿದರು. ಸರಿಹೋಯಿತೇ ಎಂದು ಪರೀಕ್ಷಿಸಲು ತಂತ್ರಾಂಶದಲ್ಲಿ ‘ಪರೀಕ್ಷೆ’ ಎಂಬ ಪದವನ್ನು ಟೈಪಿಸಿ ‘ಕಳುಹಿಸು’ ಒತ್ತಿದರು. ಸಂಪರ್ಕ ನಿರಾಕರಿಸಲಾಗಿದೆ. ಆ ಕೆಂಪು ಚೌಕದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಜಗತ್ತಿನ ಎಲ್ಲ ಸಾಲುಗಳನ್ನೂ ಓದುವ ಅಲ್ಪವಿರಾಮಯ್ಯನವರು ಅದೊಂದನ್ನು ಓದಲಿಲ್ಲ.

ಆಮೇಲೆ ಅವರ ಕಣ್ಣು ವೈರುಗಳ ಮೇಲೆ ಬಿತ್ತು. ಡಬ್ಬಿಯ ಹಿಂದಿನ ವೈರುಗಳನ್ನೆಲ್ಲ ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಿದರು. ಈ ಬಾರಿ ‘ಪರೀಕ್ಷೆ, ಎರಡನೇ ಬಾರಿ’ ಎಂದು ಕಳಿಸಿದರೆ ಸಂದೇಶವೇ ಬದಲಾಗಿತ್ತು: ‘ಸಾಕೆಟ್ ಎರರ್. ಉತ್ತರವಿಲ್ಲ, ಸಮಯ ಮೀರಿದೆ.’ ಅಲ್ಪವಿರಾಮಯ್ಯನವರು ಹೆಂಡತಿಯನ್ನು ಕೂಗಿ ಕರೆದು ಇದನ್ನು ಹೆಮ್ಮೆಯಿಂದ ತೋರಿಸಿದರು. ಮೊದಲು ಬೈದು ಅಟ್ಟುತ್ತಿತ್ತು, ಈಗ ಸುಮ್ಮನಿದೆ. ಇದು ಪ್ರಗತಿಯ ಲಕ್ಷಣ ಎಂದರು.

“ಬೈಯೋದು ನಿಲ್ಲಿಸಿ ಸುಮ್ಮನಾದ್ರೆ ಅದು ಪ್ರಗತಿ ಅಂತ ಅಂದ್ಕೊಂಡಿದೀರಾ?” ಎಂದಳು ಹೆಂಡತಿ. “ನನ್ನ ಜೊತೆ ಇಷ್ಟು ವರ್ಷ ಇದ್ದೂ ನೀವು ಕಲಿತಿದ್ದು ಇದೇನಾ?” ಹಾಗೆನ್ನುತ್ತಲೇ ಬಗ್ಗಿ, ಮೇಜಿನ ಕೆಳಗೆ ಜೋತಾಡುತ್ತಿದ್ದ ವೈರೊಂದನ್ನು ಎತ್ತಿ ಅವರ ಕೈಗಿತ್ತಳು. ಕಂಪ್ಯೂಟರಿನ ವೈರನ್ನು ಅವರು ಸಿಕ್ಕಿಸಲು ಮರೆತಿದ್ದರು. ಸಿಕ್ಕಿಸಿದ ಕೂಡಲೇ ಯಂತ್ರ ಮತ್ತೆ ಬೈಗುಳಕ್ಕೆ ಇಳಿಯಿತು.

ಹೊತ್ತು ಏರುತ್ತಿತ್ತು. ಅಲ್ಪವಿರಾಮಯ್ಯನವರು ಕಂಪ್ಯೂಟರಿನ ಕಾವಲು ತಂತ್ರಾಂಶವನ್ನು ಮಲಗಿಸಿದರು. ಬಾಗಿಲಿನ ನಂಬರನ್ನು ಬದಲಿಸಿದರು, ಮತ್ತೆ ಮೊದಲಿನಂತೆ ಮಾಡಿದರು. ಪ್ರತಿ ಪ್ರಯೋಗದ ನಂತರವೂ ಪರೀಕ್ಷೆಗೆಂದು ಏನಾದರೊಂದು ಟೈಪಿಸಿ ಕಳಿಸುತ್ತಿದ್ದರು. ‘ಪರೀಕ್ಷೆ’ ಹೋಗಿ ‘ದಯವಿಟ್ಟು’ ಆಯಿತು. ‘ದಯವಿಟ್ಟು’ ಹೋಗಿ ‘ಕೇಳಿಸುತ್ತಿದೆಯೇ’ ಆಯಿತು. ಹೊಟ್ಟೆ ಹಸಿಯತೊಡಗಿದಂತೆ ಮರ್ಯಾದೆಯ ಬಹುವಚನ ಬಿದ್ದುಹೋಯಿತು; ಗ್ರಂಥಭಾಷೆ ಆಡುಭಾಷೆಗೆ ಇಳಿಯಿತು. ಅಡುಗೆಮನೆಯಿಂದ ತಟ್ಟೆ ಹಾಕುವ ಸದ್ದು ಕೇಳಿಸಿದ ಗಳಿಗೆಯಲ್ಲಿ, ಹೆಂಡತಿ ಫೋನ್ ಹಿಡಿದು ಬಾಗಿಲಿಗೆ ಬಂದಾಗ, ಅವರು ಹಲ್ಲು ಕಡಿದು ಕೊನೆಯದೊಂದನ್ನು ಟೈಪಿಸಿ, ಗುಂಡಿಯನ್ನು ಗುದ್ದಿದರು. ಅದೂ ಹೋಗಲಿಲ್ಲ.

ಉಳಿದಿದ್ದು ಪಿಂಗ್ ಒಂದೇ. ಪಿಂಗ್ ಎಂದರೆ ಬಾಗಿಲಾಚೆ ನಿಂತು ‘ಇದ್ದೀರಾ’ ಎಂದು ಕೂಗುವುದು. ಮನೆಯಲ್ಲಿ ಇದ್ದವರು ‘ಇದ್ದೀನಿ’ ಎನ್ನುತ್ತಾರೆ, ಅಷ್ಟೇ, ಬಾಗಿಲು ತೆರೆಯಬೇಕೆಂದಿಲ್ಲ. ಅಲ್ಪವಿರಾಮಯ್ಯನವರು ಐವತ್ತನೇ ನಂಬರನ್ನು ಕೂಗುತ್ತಾ ಕುಳಿತರು. ಇದ್ದೀನಿ, ಇದ್ದೀನಿ, ಇದ್ದೀನಿ ಎಂದು ಪರದೆಯ ಮೇಲೆ ಸಾಲು ಸಾಲಾಗಿ ಉತ್ತರ ಬರುತ್ತಲೇ ಇತ್ತು. ಇದ್ದೂ ಇದ್ದೂ ಹೀಗೆ ಸತಾಯಿಸುತ್ತದಲ್ಲ ಎಂದು ಅವರಿಗೆ ಅಳುವೇ ಬರುವಂತಾಯಿತು. ಹೆಂಡತಿ ಫೋನಿನಲ್ಲಿ ತಮ್ಮನ ಹೆಸರನ್ನು ಹುಡುಕತೊಡಗಿದಳು.

ಆಗ ಅತ್ತೆಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಊಟಕ್ಕೆ ಏಳಿ, ಆ ಮಷಿನ್ನನ್ನು ನಾನು ಆಗಲೇ ಗೋಡೆಯ ಹತ್ತಿರವೇ ಆರಿಸಿಬಿಟ್ಟಿದ್ದೇನೆ, ಸಾಕೆಟ್ಟು ಸರಿಮಾಡಿಸುವ ತನಕ ಯಾರೂ ಹಚ್ಚಕೂಡದು ಎಂದರು.

ಅಲ್ಪವಿರಾಮಯ್ಯನವರಿಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದರು. ತೆರೆದ ಬಾಯಿ ಹಾಗೆಯೇ ನಿಂತಿತು. ಪರದೆಯ ಮೇಲೆ ಉತ್ತರಗಳು ಇನ್ನೂ ಬರುತ್ತಿದ್ದವು.

“ಅತ್ತೆ, ಯಾವಾಗ ಆರಿಸಿದಿರಿ?”

“ಆಗಲೇ. ಅನ್ನ ಇಡೋಕೆ ಮುಂಚೆ.”

ಅವರು ಮುಂದಿನ ಕೋಣೆಗೆ ಓಡಿದರು. ಯಂತ್ರ ಒಂದು ದೀಪವೂ ಇಲ್ಲದೆ ಕಲ್ಲಿನಂತೆ ಕುಳಿತಿತ್ತು. ಒಳಕೋಣೆಗೆ ಓಡಿಬಂದರು. ಇದ್ದೀನಿ, ಇದ್ದೀನಿ ಎನ್ನುತ್ತಿತ್ತು ಪರದೆ. ಇಂಥ ಗಳಿಗೆ ಮನುಷ್ಯನ ಬಾಳಿನಲ್ಲಿ ಹೆಚ್ಚು ಸಲ ಬರುವುದಿಲ್ಲ. ಬಂದಾಗ ಪಕ್ಕದಲ್ಲಿ ಹೆಂಡತಿ ಇರುವುದಂತೂ ಇನ್ನೂ ಅಪರೂಪ.

“ಫೋನ್ ಕೆಳಗಿಡು” ಎಂದರು, ತಮಗೇ ಹೊಸದೆನಿಸಿದ ಗಂಭೀರ ದನಿಯಲ್ಲಿ. “ಐವತ್ತನೇ ನಂಬರ್ ಮನೇಲಿ ಬೇರೆ ಯಾರೋ ಬಂದು ಕೂತಿದ್ದಾರೆ. ನಾವು ಇಷ್ಟು ಹೊತ್ತೂ ಅವರ ಬಾಗಿಲು ತಟ್ಟಿದೀವಿ. ಅವರಿಗೇನು ಕಸೂತಿ ಬರುತ್ತಾ? ನಡಿ ಆಚೆಗೆ ಅಂತಿದ್ದಾರೆ.”

ಹೆಂಡತಿ ಫೋನ್ ಕೆಳಗಿಟ್ಟಳು. ಅವಳಿಗೆ ಮೊದಲ ಬಾರಿಗೆ ಗಂಡನ ಮಾತು ತಲೆಬುಡ ಸಮೇತ ಅರ್ಥವಾಗಿತ್ತು. ಹಾಗಾದರೆ ಮನೆಯಲ್ಲಿರುವುದನ್ನೆಲ್ಲ ಒಂದೊಂದಾಗಿ ಆರಿಸುತ್ತಾ ಬಂದರೆ, ಯಾವುದನ್ನು ಆರಿಸಿದಾಗ ಉತ್ತರ ನಿಲ್ಲುತ್ತದೋ ಅದೇ ಕಳ್ಳ ಎಂದು ಅವಳೇ ಹೇಳಿದಳು. ಅವಳು ಪರದೆಯ ಮುಂದೆ ಕುಳಿತು “ಬಂತು… ಬಂತು… ಬಂತು” ಎಂದು ಕೂಗುತ್ತಾ ಹೋದಳು. ಅಲ್ಪವಿರಾಮಯ್ಯನವರು ಮನೆಯೆಲ್ಲ ಓಡಾಡತೊಡಗಿದರು. ಟೀವಿಯ ಪ್ಲಗ್ ಕಿತ್ತರು. ಅತ್ತೆಯವರ ಧಾರಾವಾಹಿಯಲ್ಲಿ ಕಳೆದುಹೋಗಿದ್ದ ಮಗಳು ಆಗತಾನೆ ಬಾಗಿಲು ತಟ್ಟುತ್ತಿದ್ದಳು. ಒಳಗಿನವರು ತೆರೆದರೋ ಇಲ್ಲವೋ ಅತ್ತೆಯವರಿಗೆ ಇವತ್ತಿಗೂ ಗೊತ್ತಿಲ್ಲ. ಮೂವರ ಫೋನುಗಳನ್ನೂ ಆರಿಸಿದರು. ಹುರುಪಿನಲ್ಲಿ ಫ್ರಿಜ್ಜನ್ನೂ ಆರಿಸಿದರು. (ಅದಕ್ಕೂ ನೆಟ್‌ವರ್ಕಿಗೂ ಏನು ಸಂಬಂಧವೆಂದು ಹೆಂಡತಿ ಅಲ್ಲಿಂದಲೇ ಕೇಳಿದಳು. ಸಂಶೋಧನೆಯಲ್ಲಿ ಯಾರನ್ನೂ ನಂಬಬಾರದು ಎಂದು ಅವರು ಇಲ್ಲಿಂದಲೇ ಹೇಳಿದರು.) ಬಂತು, ಬಂತು ಎನ್ನುವ ಕೂಗು ಮಾತ್ರ ನಿಲ್ಲಲಿಲ್ಲ.

ಕೊನೆಗೆ ಉಳಿದಿದ್ದು ಮಲಗುವ ಕೋಣೆ. ಅಲ್ಲಿ ಏನಿದೆ ಎಂದುಕೊಳ್ಳುತ್ತಲೇ ಬಾಗಿಲು ತೆರೆದರೆ, ಮಂಚದ ಕೆಳಗೆ ಹಸಿರು ದೀಪವೊಂದು ಮಿಣುಕ್ ಎಂದಿತು.

ಅದು ಅಲ್ಪವಿರಾಮಯ್ಯನವರದೇ ಪ್ರಿಂಟರು. ಮನೆಯಲ್ಲೇ ಕರಡು ಅಚ್ಚು ಹಾಕಿಕೊಂಡು ತಿದ್ದಬಹುದೆಂದು ಹೊಸದಾಗಿ ಕೊಂಡು ತಂದದ್ದು. ಭಾಮೈದನ ನೆರವಿಲ್ಲದೆ, ವಿಡಿಯೋವೊಂದನ್ನು ನೋಡಿಕೊಂಡು, ಹಿಂದಿನ ಸಂಜೆಯಷ್ಟೇ ತಾವೇ ಸ್ವತಃ ಅದನ್ನು ಜೋಡಿಸಿದ್ದರು. ಯಾರೂ ಬಳಸದ ಒಂದು ನಂಬರನ್ನು ಅದಕ್ಕೆ ಖಾಯಂ ಆಗಿ ಕೊಡಬೇಕೆಂದು ವಿಡಿಯೋದವನು ಹೇಳಿದ್ದ. ಐವತ್ತು ನೋಡಲು ದುಂಡಗೆ ಲಕ್ಷಣವಾಗಿದೆ ಎನಿಸಿತ್ತು. ಕೂಗಿ ನೋಡಿದ್ದರು; ಯಾರೂ ಓಗೊಡಲಿಲ್ಲ. ಆ ಹೊತ್ತಿಗೆ ಹೆಂಡತಿ ಕಸೂತಿ ಯಂತ್ರವನ್ನು ಆರಿಸಿ ತರಕಾರಿ ತರಲು ಹೋಗಿದ್ದಳು. ಐವತ್ತನೇ ನಂಬರಿನ ಮನೆ ಖಾಲಿ ಇದೆ ಎಂದುಕೊಂಡು ಪ್ರಿಂಟರನ್ನು ಒಳಗೆ ಕೂರಿಸಿ ಬೀಗ ಹಾಕಿದ್ದರು. ಐವತ್ತು ಯಂತ್ರದ್ದೆಂದು ಆಗ ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಈ ಬೆಳಿಗ್ಗೆ, ಗೊತ್ತಾದ ಮೇಲೂ ನೆನಪಾಗಲಿಲ್ಲ.

ಮಂಚದ ಕೆಳಗೆ ತೂರಿ ಪ್ಲಗ್ ಎಳೆದರು. ಒಳಕೋಣೆಯಿಂದ ಹೆಂಡತಿಯ ಸಂತೋಷದ ದನಿ ಕೇಳಿಸಿತು. “ನಿಂತುಹೋಯ್ತು ರೀ. ಯಾವುದು ಅದು?”

ಹೊರಗೆ ಬರಲು ಅವರಿಗೆ ಅವಸರವಿರಲಿಲ್ಲ. ಮಂಚದ ಕೆಳಗೆ ತಂಪಾಗಿತ್ತು. “ಪ್ರಿಂಟರ್” ಎಂದರು ಅಲ್ಲಿಂದಲೇ.

“ಪ್ರಿಂಟರ್‌ಗೆ ನನ್ನ ಮಷಿನ್ ನಂಬರ್ ಯಾರು ಕೊಟ್ಟಿದ್ದು?”

ಅಲ್ಪವಿರಾಮಯ್ಯನವರು ಸ್ವಲ್ಪ ಹೊತ್ತು ಯೋಚಿಸಿದರು. “ಕೊಡಲಾಗಿದೆ” ಎಂದರು.

ಕರ್ತೃವಿಲ್ಲದ ವಾಕ್ಯಕ್ಕೂ ಒಂದು ಉಪಯೋಗವಿದೆ ಎಂದು ಅವರಿಗೆ ಹೊಳೆದದ್ದು ಆಗಲೇ. ಹೆಂಡತಿ ನಕ್ಕ ಸದ್ದು ಗೋಡೆಯಾಚೆಯಿಂದ ಕೇಳಿಸಿತು. ಅವಳ ಸಂಜೆಯ ಕೆಲಸ ಕೈತಪ್ಪದೆ ಉಳಿದಿತ್ತಲ್ಲ, ಅದರ ಮುಂದೆ ಕರ್ತೃ ಯಾರಾದರೇನು?

ಪ್ರಿಂಟರಿಗೆ ಬೇರೆ ನಂಬರು ಕೊಡುವುದೊಂದು ನಿಮಿಷದ ಕೆಲಸವಾಯಿತು. ಯಂತ್ರವನ್ನು ಹಚ್ಚಿದ ಕೂಡಲೇ ಕೆಂಪು ಚೌಕ ಮಾಯವಾಗಿ ಹಸಿರು ಗೆರೆಯೊಂದು ಮೂಡಿ ‘ಸಂಪರ್ಕವಾಗಿದೆ’ ಎಂದಿತು. ಅಲ್ಪವಿರಾಮಯ್ಯನವರು ಊಟವನ್ನೂ ಮಾಡದೆ ಭಾಮೈದನಿಗೆ ತಾವೇ ಫೋನ್ ಹಚ್ಚಿ, ನಡೆದದ್ದನ್ನೆಲ್ಲ ಒಂದೂ ಬಿಡದೆ (ಒಂದನ್ನು ಮಾತ್ರ ಬಿಟ್ಟು) ವರ್ಣಿಸಿದರು.

“ಭಾವ, ಇದು ಚಿಕ್ಕದಲ್ಲ. ನಮ್ಮ ಆಫೀಸಲ್ಲೇ ಇಂಥದ್ದಕ್ಕೆ ಇಡೀ ದಿನ ಒದ್ದಾಡಿದೀವಿ. ನೀವೊಬ್ರೇ ಹಿಡಿದ್ರಾ?”

ಅಲ್ಪವಿರಾಮಯ್ಯನವರು ಫೋನಿನ ಸ್ಪೀಕರ್ ಹಾಕಿ, ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದರು. ಅವನು ಇನ್ನೊಮ್ಮೆ ಹೇಳಿದ. ಹೆಂಡತಿ ಕೇಳಿಸಿಕೊಂಡಳೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿಸಿದರು.

ಹೆಂಡತಿ ಕೇಳಿಸಿಕೊಂಡಿರಲಿಲ್ಲ. ಅವಳು ಹಿತ್ತಲ ಕೋಣೆಯಲ್ಲಿ ಉಳಿದ ಕೋಟುಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಯಂತ್ರಕ್ಕೆ ಬೆಳಿಗ್ಗೆಯೇ ಮೊದಲ ಕೋಟನ್ನು ಸಿಕ್ಕಿಸಿಟ್ಟಿದ್ದಳು, ಖುದ್ದು ಮೇಟ್ರನ್ ಅಮ್ಮನದು. ಹಸಿರು ಗುಂಡಿ ಮಿಣುಕಿದರೆ ಒತ್ತು ಎಂದು ತಾಯಿಗೆ ಹೇಳಿಹೋಗಿದ್ದಳು. ಗುಂಡಿ ಮಿಣುಕಿತು, ಅತ್ತೆಯವರು ಒತ್ತಿದರು. ಸೂಜಿಗಳು ಟಕಟಕ ಇಳಿದವು. ಮನೆಯಲ್ಲೆಲ್ಲ ಆ ಸದ್ದು ವಾದ್ಯದ ಹಾಗೆ ಕೇಳಿಸಿತು. ಯಂತ್ರ ನಿಂತ ಮೇಲೆ ಅತ್ತೆಯವರು ಕನ್ನಡಕ ಹುಡುಕಿ ಹಾಕಿಕೊಂಡು, ಈ ಮೇಟ್ರನ್ ಅಮ್ಮನ ಹೆಸರು ಇದೇನು ಹೀಗಿದೆ ಎಂದು ಮಗಳನ್ನು ಕರೆದರು.

ಕೋಟಿನ ಎಡಜೇಬಿನ ಮೇಲೆ, ಅಚ್ಚುಕಟ್ಟಾದ ನೀಲಿ ಅಕ್ಷರಗಳಲ್ಲಿ, ‘ಮಾತಾಡೇ ಮೂದೇವಿ’ ಎಂದಿತ್ತು.

ಕೆಂಪು ಚೌಕದ ತಳದಲ್ಲಿ ಅಲ್ಪವಿರಾಮಯ್ಯನವರು ಓದದೆ ಬಿಟ್ಟ ಸಾಲು ಏನೆಂದು ಆಗ ತಿಳಿಯಿತು. ‘ಈಗ ಹೋಗದಿದ್ದರೂ ಕಾದಿರಿಸಲಾಗುವುದು, ಸಂಪರ್ಕ ಬಂದೊಡನೆ ಕಳುಹಿಸಲಾಗುವುದು.’ ತಂತ್ರಾಂಶ ಪಾಪ ಕೊಟ್ಟ ಮಾತು ಉಳಿಸಿಕೊಂಡಿತ್ತು. ಬೆಳಗಿನಿಂದ ಅವರು ಕಳಿಸಿದ್ದೆಲ್ಲ ಸಾಲಾಗಿ ನಿಂತು ಕಾಯುತ್ತಿದ್ದವು, ಕೊನೆಯದು ಮೊದಲು. ಹೆಂಡತಿ ಅವನ್ನೆಲ್ಲ ಕೆಳಗಿನಿಂದ ಮೇಲಕ್ಕೆ ಓದುತ್ತಾ ಹೋದಳು: ಪರೀಕ್ಷೆ, ದಯವಿಟ್ಟು, ಕೇಳಿಸುತ್ತಿದೆಯೇ, ಕಿವುಡೇನು, ಏನಾಗಿದೆ ನಿನಗೆ. ಸಾಧುವಾದ ಮನುಷ್ಯನೊಬ್ಬ ಅರ್ಧ ದಿನದಲ್ಲಿ ಹೇಗೆ ಕೆಟ್ಟ ಎಂಬ ಚರಿತ್ರೆಯೇ ಅಲ್ಲಿತ್ತು. ಎಲ್ಲವನ್ನೂ ಅಳಿಸಿ ಹಾಕಿದಳು. ಆದರೆ ಹೊಲಿದದ್ದನ್ನು ಬಿಚ್ಚುವ ಹಾಗಿರಲಿಲ್ಲ. ಬಿಚ್ಚಿದರೆ ಬಟ್ಟೆಯೆಲ್ಲ ತೂತು. ಬೇರೆ ಕೋಟೂ ಇರಲಿಲ್ಲ.

“ಆ ಕೋಟನ್ನ ಅವರ ಕೈಗೆ ನೀವೇ ಕೊಡ್ತೀರಿ” ಎಂದಳು. ಮುಂದಿನ ಕೋಟನ್ನು ಯಂತ್ರಕ್ಕೆ ಸಿಕ್ಕಿಸಿದಳು.

ಮಧ್ಯಾಹ್ನವೆಲ್ಲ ಆ ಮನೆಯಲ್ಲಿ ಮೂವರಲ್ಲಿ ಒಬ್ಬರೂ ಕುಳಿತುಕೊಳ್ಳಲಿಲ್ಲ. ಯಂತ್ರ ಹೊಲಿಯಿತು, ಹೆಂಡತಿ ಕೋಟು ಬದಲಿಸಿದಳು, ಅತ್ತೆಯವರು ದಾರದ ತುದಿಗಳನ್ನು ಕತ್ತರಿಸಿದರು. ಅಲ್ಪವಿರಾಮಯ್ಯನವರಿಗೆ ತಮ್ಮ ನಿಜವಾದ ವಿದ್ಯೆ ತೋರಿಸಲು ಅವಕಾಶ ಸಿಕ್ಕಿತು. ಪ್ರತಿ ಹೆಸರನ್ನೂ ಹೊಲಿಯುವ ಮುನ್ನ ಅಕ್ಷರ ಅಕ್ಷರವಾಗಿ ಓದಿದರು. ಆಸ್ಪತ್ರೆಯವರೇ ಒಬ್ಬ ನರ್ಸಿನ ಹೆಸರಿನಲ್ಲಿ ದೀರ್ಘ ತಪ್ಪಿಸಿದ್ದನ್ನು ಹಿಡಿದು, ಫೋನ್ ಮಾಡಿ ಆ ನರ್ಸಿನ ಬಾಯಿಂದಲೇ ಕೇಳಿ ತಿದ್ದಿದರು. ಇಷ್ಟು ವರ್ಷ ಎಲ್ಲರೂ ನನ್ನ ಹೆಸರನ್ನು ತಪ್ಪಾಗಿಯೇ ಬರೆದರು, ಕೇಳಿದವರು ನೀವೊಬ್ಬರೇ ಎಂದು ಆಕೆ ಆ ಕಡೆಯಿಂದ ಹೇಳಿದಾಗ ಅವರು ಆ ಹೆಸರನ್ನು ಇನ್ನೊಮ್ಮೆ ಓದಿಯೇ ಹೊಲಿಯಲು ಬಿಟ್ಟರು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಕೋಟನ್ನು ಮಡಿಸಿ ಇಟ್ಟರು.

ಮೇಟ್ರನ್ ಅಮ್ಮ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಒಂದೊಂದೇ ಕೋಟನ್ನು ಬಿಡಿಸಿ, ಬೆಳಕಿಗೆ ಹಿಡಿದು, ಒಳಗಡೆ ತಿರುವಿ ನೋಡಿದರು. ತಪ್ಪು ಹುಡುಕಲೆಂದೇ ಬಂದ ಆ ಕಣ್ಣುಗಳಿಗೆ ಒಂದು ತಪ್ಪೂ ಸಿಗಲಿಲ್ಲ. “ನನ್ನದು?” ಎಂದರು.

ಅಲ್ಪವಿರಾಮಯ್ಯನವರು ಗಲ್ಲಿಗೆ ಹೋಗುವವರಂತೆ ಮುಂದೆ ಬಂದು ಕೋಟನ್ನು ನೀಡಿದರು. ಮೇಟ್ರನ್ ಅಮ್ಮ ಓದಿದರು. ಮತ್ತೊಮ್ಮೆ ಓದಿದರು. ಅಲ್ಪವಿರಾಮಯ್ಯನವರ ಹತ್ತಿರ ಕರ್ತೃವಿಲ್ಲದ ವಾಕ್ಯಗಳು ಬೇಕಾದಷ್ಟಿದ್ದವು, ಆದರೆ ಆ ಮುಖದ ಮುಂದೆ ಒಂದೂ ಹೊರಡಲಿಲ್ಲ.

“ನಾನೇ ಬರೆದದ್ದು ಅಮ್ಮ. ನಿಮಗಲ್ಲ. ಮಷಿನ್‌ಗೆ. ಬೆಳಿಗ್ಗೆಯಿಂದ ಮಾತೇ ಆಡ್ತಾ ಇರಲಿಲ್ಲ.”

ಮೇಟ್ರನ್ ಅಮ್ಮನ ಗಲ್ಲ ಮೊದಲು ಒಮ್ಮೆ ಅದುರಿತು. ಆಮೇಲೆ ಭುಜ. ಆಮೇಲೆ ಅವರು, ಮೊದಲು ಬೇಡವೆಂದಿದ್ದ ಕುರ್ಚಿಯಲ್ಲೇ ಕುಸಿದು ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ಆಸ್ಪತ್ರೆಯ ರಕ್ತಪರೀಕ್ಷೆಯ ವಿಭಾಗಕ್ಕೆ ದಿನವೂ ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತುವುದಿಲ್ಲ, ಎತ್ತಿದರೂ ಬಾಯಿ ಬಿಡುವುದಿಲ್ಲ, ಉದ್ಘಾಟನೆಗೆ ಹಳೆಯ ಕೋಟು ಸಾಕು, ಇದನ್ನು ಹಾಕಿಕೊಂಡು ನಾಡಿದ್ದು ಆ ವಿಭಾಗದ ಬಾಗಿಲಿಗೇ ಹೋಗಿ ನಿಲ್ಲುತ್ತೇನೆ ಎಂದರು. ಕೋಟನ್ನು ತಾವೇ ಜೋಪಾನವಾಗಿ ಮಡಿಸಿಕೊಂಡರು. ಇಡೀ ಆಸ್ಪತ್ರೆಯ ಕೆಲಸ ಇನ್ನು ಮುಂದೆ ಇಲ್ಲಿಗೇ ಎಂದು ಹೆಂಡತಿಯ ಕೈ ಹಿಡಿದು ಹೇಳಿದರು. ಹೆಂಡತಿ ಗಂಡನ ಕಡೆ ನೋಡಿದ ನೋಟವಿತ್ತಲ್ಲ, ಅದಕ್ಕಾಗಿ ಅಲ್ಪವಿರಾಮಯ್ಯನವರು ಇನ್ನೂ ಹತ್ತು ಮಂಚಗಳ ಕೆಳಗೆ ತೂರಲು ಸಿದ್ಧರಿದ್ದರು.

ಹೊರಡುವ ಮುನ್ನ ಮೇಟ್ರನ್ ಅಮ್ಮ, ಅಷ್ಟು ಹಟ ಹಿಡಿದಿದ್ದ ಮಷಿನ್ನನ್ನು ಯಾರು ಸರಿಮಾಡಿದ್ದು ಎಂದು ಕೇಳಿದರು.

ಈ ಪ್ರಶ್ನೆಗಾಗಿಯೇ ಕಾದಿದ್ದ ಅಲ್ಪವಿರಾಮಯ್ಯನವರು ಕಾಲರ್ ಸರಿಮಾಡಿಕೊಂಡರು. ವಿನಯಕ್ಕೆ ವಿನಯವೂ ಇರಬೇಕು, ವಿಷಯಕ್ಕೆ ವಿಷಯವೂ ತಿಳಿಯಬೇಕು, ಅಂಥ ತೂಕದ ವಾಕ್ಯವೊಂದನ್ನು ಮನಸ್ಸಿನಲ್ಲೇ ಕಟ್ಟಿ, “ಹಾಗೆ ನೋಡಿದರೆ,” ಎಂದು ಆರಂಭಿಸಿದರು. ಆ ಅಲ್ಪವಿರಾಮದಲ್ಲಿ ಅತ್ತೆಯವರು ನುಗ್ಗಿಬಿಟ್ಟರು.

“ನಾನಮ್ಮ. ಗೋಡೆ ಹತ್ತಿರ ಹೋಗಿ ಆರಿಸಿದೆ. ಆಗಲೇ ಎಲ್ಲ ಗೊತ್ತಾಗಿದ್ದು.”

ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ತಿದ್ದಲು ಜಾಗವೇ ಇಲ್ಲದ ವಾಕ್ಯ. ಹೆಂಡತಿ ತಟ್ಟನೆ ಬಗ್ಗಿ ನೆಲದ ಮೇಲಿನ ದಾರದ ಚೂರುಗಳನ್ನು ಆರಿಸತೊಡಗಿದಳು. ಮೇಟ್ರನ್ ಅಮ್ಮ ಅತ್ತೆಯವರ ಎರಡೂ ಕೈಗಳನ್ನು ಹಿಡಿದುಕೊಂಡು, ಆಸ್ಪತ್ರೆಯ ಚೀಟಿ ಕೊಡುವ ಕೌಂಟರಿನಲ್ಲೂ ಕಂಪ್ಯೂಟರು ಹೀಗೆಯೇ ಸಾಕೆಟ್ಟು ಸಾಕೆಟ್ಟು ಎಂದು ತೋರಿಸುತ್ತದೆ, ಎಷ್ಟು ಜನ ಬಂದು ನೋಡಿದರೂ ಆಗಲಿಲ್ಲ, ಕಾರು ಕಳಿಸುತ್ತೇನೆ, ದಯವಿಟ್ಟು ಬಂದು ನೋಡಬೇಕು ಎಂದು ಕೇಳಿಕೊಂಡರು. ಬರುತ್ತೇನೆ, ಮಂಡಿ ನೋವಿದೆ, ಅಳಿಯಂದಿರನ್ನು ಜೊತೆಗೆ ಕರೆದುಕೊಂಡು ಬರುತ್ತೇನೆ ಎಂದು ಅತ್ತೆಯವರು ಒಪ್ಪಿಕೊಂಡರು.

ಕಾರು ನಿಜವಾಗಿಯೂ ಬಂತು. ಆಸ್ಪತ್ರೆಯ ಕೌಂಟರಿನಲ್ಲಿ ಅತ್ತೆಯವರಿಗೆ ಮೆತ್ತನೆಯ ಕುರ್ಚಿ ಹಾಕಿದರು. ಅಲ್ಪವಿರಾಮಯ್ಯನವರು ಮೇಜಿನ ಕೆಳಗೆ ಇಳಿದರು. ಧೂಳು, ಹಳೆಯ ಚೀಟಿಗಳು, ಯಾರದೋ ಒಂಟಿ ಚಪ್ಪಲಿಯ ನಡುವೆ ಮೊಣಕಾಲೂರಿ ವೈರುಗಳ ಜಾಡು ಹಿಡಿದು ಹೋದರು. ಸರದಿಯ ನಂಬರು ತೋರಿಸುವ ಹೊಸ ಬೋರ್ಡೊಂದನ್ನು ಗೋಡೆಗೆ ಹಾಕಿದ್ದರು. ಅದು ಚೀಟಿ ಮುದ್ರಿಸುವ ಯಂತ್ರದ ನಂಬರನ್ನೇ ತನ್ನದೆಂದು ಹಿಡಿದು ಕುಳಿತಿತ್ತು. ಅಲ್ಪವಿರಾಮಯ್ಯನವರು ತಲೆ ಹೊರಗೆ ಹಾಕಿ ಅತ್ತೆಯವರ ಕಿವಿಯಲ್ಲಿ ಮೆಲ್ಲಗೆ ಹೇಳಿದರು.

“ಆ ಬೋರ್ಡು ಆರಿಸಿ” ಎಂದರು ಅತ್ತೆಯವರು ಬೆರಳು ತೋರಿಸಿ.

ಆರಿಸಿದರು. ಮುದ್ರಣಯಂತ್ರ ಗೊರಗೊರ ಎಂದು ಚೀಟಿಗಳನ್ನು ಉಗುಳತೊಡಗಿತು. ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದ ರೋಗಿಗಳೂ ಸೇರಿದಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ಕೌಂಟರಿನವರು ತಟ್ಟೆಯಲ್ಲಿ ಟೀ ತಂದು ಅತ್ತೆಯವರ ಮುಂದೆ ಹಿಡಿದು, ಇಷ್ಟು ವಯಸ್ಸಿನಲ್ಲಿ ಇದೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದರು. ಅತ್ತೆಯವರು ಒಂದು ಗುಟುಕು ಕುಡಿದು, ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡಿದರು.

“ನಮ್ಮ ಅಳಿಯಂದಿರಿಗೂ ಒಂದು ಲೋಟ ಕೊಡಿ” ಎಂದರು. “ಪಾಪ, ಜೊತೆಗೆ ಬಂದಿದ್ದಾರೆ.”